ಸ್ಪೀಕರ್ ನೆಲದ ಮೇಲೆಯೇ ಇರಲಿ

ಮಚ್ಛೇಂದ್ರ,

ಬಿಸಿಲೇರುವ ಮೊದಲೇ ಟ್ಯಾಂಕರ್ ನೀರು ಹಿಡಿದಿದ್ದೇನೆ. ಎರಡು ಕೊಡ ನಿನ್ನ ಸ್ನಾನಕ್ಕೆ, ಉಳಿದದ್ದನ್ನು ಮುಟ್ಟಬೇಡ. ಭಾಲ್ಕಿಯ ಮದುವೆಗೆ ಬಾಡಿಗೆ ಕೊಟ್ಟ ಸಣ್ಣ ಸ್ಪೀಕರ್ ತೆಗೆದುಕೊಂಡು ನಾನೊಬ್ಬಳೇ ಹೊರಟಿದ್ದೇನೆ.

ದೊಡ್ಡದು ನಿನಗೆ. ಮಧ್ಯಾಹ್ನ ಖಾದರ ಭಾಯಿ ನಿನ್ನ ಬೇಸ್ ಗಿಟಾರ್ ಇನ್ನೊಮ್ಮೆ ಕೇಳಲು ಬರುತ್ತಾರೆ. ಅವರ ಆರ್ಕೆಸ್ಟ್ರಾ ಹೈದರಾಬಾದಿಗೆ ಹೋಗುವ ಮೊದಲು ಇದೇ ಕೊನೆಯ ಸಲ. ಹೋದ ಸಲ ನೀನು ಮದುವೆಮನೆಯ ರೂಢಿಯಲ್ಲಿ ಸ್ಪೀಕರನ್ನು ಸ್ಟ್ಯಾಂಡಿಗೆ ಏರಿಸಿದೆ. "ಇದು ಬೇಸ್ ಏನಪ್ಪ, ಸೊಳ್ಳಿ ಹಾಡಿದಂಗ ಕೇಳ್ತದ" ಎಂದು ಅವರು ನಕ್ಕು ಎದ್ದುಹೋದರು. ಈಗ ನೆಲದ ಮೇಲೆ, ಗೋಡೆಯ ಮೂಲೆಗೆ ಹಚ್ಚಿ ಇಟ್ಟಿದ್ದೇನೆ, ತಗ್ಗು ದನಿ ತುಂಬಿ ಬರಲೆಂದು. ಆಂಪ್ಲಿಫೈಯರ್ ಅದರೊಳಗೇ ಇದೆ, ಬೇರೆ ಬೇಕಾಗಿಲ್ಲ. ನಿನ್ನೆ ನೀನಿಲ್ಲದಾಗ ದಪ್ಪ ತಂತಿ ಮೀಟಿ ನೋಡಿದೆ, ಎದೆಗೇ ಬಡಿಯಿತು. ಕೆಂಪು ದೀಪ ಮಿನುಗಿದರೆ ಸೌಂಡ್ ಇಳಿಸು. ಹುರುಪಿನಲ್ಲಿ ಸುಟ್ಟುಬಿಟ್ಟೀಯ.

"ವೈನಿ, ನಾ ಹೋದರ ಇದನ್ನ ನಿಮ್ಮ ಜೋಡಿ ಯಾರು ಎತ್ತತಾರ್ರಿ?" ಅಂತ ಕೇಳಿದೆಯಲ್ಲ. ಯಾರೂ ಇಲ್ಲ. ನಿಮ್ಮಣ್ಣ ಪುಣೆಯಿಂದ ಬರುವುದು ಮಳೆ ಬಿದ್ದ ಮೇಲೆ, ಅದೂ ಬಿದ್ದರೆ. ಅತ್ತೆಯವರು ಹಾಸಿಗೆ ಹಿಡಿದಿರುವಾಗ ನಾನು ಚಿದ್ರಿಯ ಈ ಮನೆ ಬಿಟ್ಟು ಒಂದು ರಾತ್ರಿ ಎಲ್ಲೂ ಇರುವಂತಿಲ್ಲ. ಇಲ್ಲಿಂದ ಹೊರಡಬಲ್ಲವನು ನೀನೊಬ್ಬನೇ. ನೀನೂ ಉಳಿದರೆ ದಿನಾ ನಿನ್ನ ಮುಖ ನೋಡಿಕೊಂಡಿರುವುದು ನನ್ನಿಂದಾಗದು.

ಖಾದರ ಭಾಯಿ ಬಾ ಅಂದರೆ ನನ್ನ ನೆಪ ಹೇಳಬೇಡ. ದೊಡ್ಡ ಸ್ಪೀಕರನ್ನೂ ಜೊತೆಗೆ ಒಯ್ಯಿ. ಮುಂದಿನ ಬಾಡಿಗೆಗೆ ಅದು ಸಿಗುವುದಿಲ್ಲವೆಂದು ಔರಾದಿನ ಮದುವೆಯವರಿಗೆ ಆಗಲೇ ಹೇಳಿಬಿಟ್ಟಿದ್ದೇನೆ.

ಗಿರಿಜಾ ವೈನಿ