ಹನ್ನೆರಡು ಅಡಿ ಗಾಜು

ಮಾರ್ಚ್ ೧೪, ಗುರುವಾರ

ಪ್ರೀತಿಯ ಎಂಟನೇ ನಂಬರಿಗೆ,

ನಿನ್ನ ಏಳನೇ ನಂಬರಿನ ನೆನಪುಗಳು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನ ಪತ್ರ ಬಂದು ಐದು ತಿಂಗಳಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೊಂಡಿರುತ್ತೀಯ, ಬೈದುಕೋ. ಮನೆ ಕಟ್ಟುವವರ ಕೈಯಲ್ಲಿ ಪೆನ್ನು ನಿಲ್ಲುವುದಿಲ್ಲ ಕಣೇ, ಸಿಮೆಂಟು ತಿಂದ ಬೆರಳು ಮಡಚುವುದೇ ಇಲ್ಲ. ಕಣ್ಣಿನ ಪೊರೆ ತೆಗೆಸಿದ ಮೇಲೆ ಎದುರುಮನೆ ಗೋಡೆಯ ಬಿರುಕೂ ಕಾಣುತ್ತದೆ ಎಂದು ಬರೆದಿದ್ದೆಯಲ್ಲ, ಓದಿ ಸಂತೋಷವಾಯಿತು. ಈಗ ನಿನಗೆ ಕಣ್ಣು ಚೆನ್ನಾಗಿ ಕಾಣಬೇಕು.

ಮನೆ ಮುಗಿಯುತ್ತಾ ಬಂತು. ಗುತ್ತಿಗೆದಾರನಿಲ್ಲ, ಮೇಸ್ತ್ರಿಯಿಲ್ಲ. ನಮ್ಮವರು ಬಸ್ ಡಿಪೋದಿಂದ ನಿವೃತ್ತರಾದ ಮರುದಿನವೇ ಕರಣೆ ಹಿಡಿದವರು, ಮೂರು ವರ್ಷವಾಯಿತು, ಇನ್ನೂ ಕೆಳಗಿಟ್ಟಿಲ್ಲ. ಇಂಜಿನ್ ಬಿಚ್ಚಿ ಜೋಡಿಸಿದವನಿಗೆ ಇಟ್ಟಿಗೆ ಯಾವ ಲೆಕ್ಕ ಎಂದು ಶುರುಮಾಡಿದರು. ತಾರಸಿ ಹಾಕಿದ ದಿನ ಮಾತ್ರ ಕೂಲಿಯವರನ್ನು ಕರೆದೆವು. ಉಳಿದದ್ದೆಲ್ಲ ನಾವಿಬ್ಬರೇ. ಗೋಡೆಗಳು ಸ್ವಲ್ಪ ಆಚೀಚೆ ಇವೆ. ಅವರ ಮುಂದೆ ಹಾಗನ್ನಬೇಡ, ಊಟ ಬಿಡುತ್ತಾರೆ.

ಹಿಂದಿನ ಕೋಣೆಗೆ ಎರಡು ಕಿಟಕಿ ಅಂತ ನಕ್ಷೆಯಲ್ಲಿತ್ತು. ಗೋಡೆ ಸೊಂಟದ ಮಟ್ಟಕ್ಕೆ ಬಂದಾಗ ನಾನು ಬೇಡ ಎಂದೆ. ಇಡೀ ಗೋಡೆಯ ಜಾಗಕ್ಕೆ ಗಾಜಿನ ಬಾಗಿಲು ಬರಬೇಕು, ಸರಿಯುವಂಥದ್ದು. ಹನ್ನೆರಡು ಅಡಿ ಅಗಲ, ಎಂಟು ಅಡಿ ಎತ್ತರ, ಮೂರು ಗಾಜು; ಎರಡು ಸರಿಯುತ್ತವೆ, ಒಂದು ನಿಂತಲ್ಲೇ ನಿಲ್ಲುತ್ತದೆ. ನಮ್ಮವರು ಕರಣೆ ಹಿಡಿದುಕೊಂಡೇ ನನ್ನ ಮುಖ ನೋಡಿದರು.

"ಇದು ಮನೆನೋ ಅಂಗಡಿನೋ? ನಾನು ಮನೇಲಿ ಬನಿಯನ್ನಲ್ಲಿ ಓಡಾಡೋದು ಬೇಡ್ವಾ?"

"ಹಿಂದೆ ಇರೋದು ಬಯಲು, ಅದರಾಚೆ ರೈಲು. ನಿಮ್ಮ ಬನಿಯನ್ ನೋಡೋಕೆ ಅಂತ ಯಾರೂ ಟಿಕೆಟ್ ತಗೊಂಡಿರಲ್ಲ," ಎಂದೆ.

ಆದರೂ ಬಿಡಲಿಲ್ಲ. ಯಾಕೆ ಇಷ್ಟು ದೊಡ್ಡದು, ಯಾಕೆ, ಯಾಕೆ ಎಂದು ಒಂದು ವಾರ ತಲೆ ತಿಂದರು. ಕೊನೆಗೆ ಹೇಳಿದೆ: ಹತ್ತೊಂಬತ್ತು ವರ್ಷ ಕಾರ್ಖಾನೆಯಲ್ಲಿ ಗಾಜನ್ನೇ ನೋಡಿದೆ, ಗಾಜಿನಾಚೆ ಏನಿದೆ ಅಂತ ಒಂದು ದಿನವೂ ನೋಡಲಿಲ್ಲ, ಈಗ ನೋಡಬೇಕು. ಕಟ್ಟಿದ ಅರ್ಧ ಗೋಡೆಯನ್ನು ಅವರು ತಾವೇ ಒಡೆದರು. ಮುಂದಿನ ಜಗಳ ಬಾಗಿಲು ಸರಿಯುವ ಕೆಳಗಿನ ಹಳಿಯ ವಿಷಯಕ್ಕೆ. ಮಳೆನೀರು ಒಳಗೆ ಬರದಂತೆ ಎತ್ತರದ ಹೊಸ್ತಿಲು ಕಟ್ಟುತ್ತೇನೆ ಎಂದು ಅವರು, ಎಡವಿ ಬೀಳುವ ವಯಸ್ಸು, ಹಳಿ ನೆಲದ ಮಟ್ಟಕ್ಕೇ ಹುದುಗಿರಬೇಕು ಎಂದು ನಾನು. ಹೊರಗಿನ ನೆಲವನ್ನು ಒಂದು ಅಂಗುಲ ತಗ್ಗಿಸಿ, ಹಳಿಯಿಂದ ನೀರು ಹೋಗಲು ತೂತು ಬಿಟ್ಟು ರಾಜಿಯಾದೆವು. ಅಳತೆಗೆ ಬಂದ ಫಿಟ್ಟರ್ ಟೇಪು ಹಿಡಿದು ಮೂರು ಕಡೆ ಅಳೆದ: ಮೇಲೆ ಹನ್ನೆರಡು, ನಡುವೆ ಹನ್ನೆರಡು, ಕೆಳಗೆ ಅರ್ಧ ಅಂಗುಲ ಕಮ್ಮಿ. "ಗೋಡೆ ಕಟ್ಟಿದ್ದು ಯಾರು?" ಎಂದು ಪಾಪ ಕೇಳಿಬಿಟ್ಟ. ನಮ್ಮವರು ಅವನ ಜೊತೆ ಆ ದಿನವಿಡೀ ಮಾತಾಡಲಿಲ್ಲ.

ಆ ಫಿಟ್ಟರ್ ಯಾವ ಅಂಗಡಿಯವನು ಗೊತ್ತೇ? ನಮ್ಮ ಗಂಟುಮೋರೆಯದು. ಹೌದು, ನಮ್ಮ ಸೂಪರ್‌ವೈಸರ್ ಗಂಟುಮೋರೆ. ಕಾರ್ಖಾನೆ ಬಿಟ್ಟು ಸ್ವಂತ ಗಾಜಿನ ಅಂಗಡಿ ಇಟ್ಟಿದ್ದಾನೆ. "ಒಂದೂ ಕಲೆಯಿಲ್ಲದ ಗಾಜು" ಎಂದು ಆಳೆತ್ತರದ ಬೋರ್ಡು. ಹತ್ತಿರದಲ್ಲೇ ಇನ್ನೂ ನಾಲ್ಕು ಅಂಗಡಿಗಳಿದ್ದವು. ನಾನು ಬೇಕೆಂದೇ ಅವನಲ್ಲಿಗೆ ಹೋದೆ.

ನಿನಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತೇನೆ, ಸಹಿಸಿಕೋ. ಬರೆಯದಿದ್ದರೆ ಕೈ ಮುಂದೆ ಹೋಗುತ್ತಿಲ್ಲ. ತಪಾಸಣೆ ಕೋಣೆಯಲ್ಲಿ ಟ್ಯೂಬ್‌ಲೈಟಿನ ಮೇಜಿಗೆ ಆ ಕಡೆ ನೀನು, ಈ ಕಡೆ ನಾನು. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಗಾಜು ನೋಡುವುದು, ಗುಳ್ಳೆಯೋ ಗೀರೋ ಕಂಡರೆ ಮೇಣದ ಕೆಂಪು ಪೆನ್ಸಿಲಿನಲ್ಲಿ ಸೊನ್ನೆ ಸುತ್ತಿ (ನಾನು ಅದರ ಕೆಳಗೊಂದು ಗೆರೆಯನ್ನೂ ಎಳೆಯುತ್ತಿದ್ದೆ) ವಾಪಸ್ ಮಾಡುವುದು, ಸರಿಯಿದ್ದರೆ ಮೂಲೆಗೆ ನಮ್ಮ ನಂಬರಿನ ಚೀಟಿ ಅಂಟಿಸುವುದು. ನಿನ್ನ ಚೀಟಿಯ ರೋಲು ಮುಗಿದರೆ ಸ್ಟೋರಿನವರೆಗೆ ನಡೆಯಲು ಸೋಮಾರಿತನ, ನನ್ನದರಿಂದ ಒಂದೆರಡು ಹರಿದುಕೊಳ್ಳುತ್ತಿದ್ದೆ. "ಇವತ್ತು ನಾನೂ ಏಳು" ಎಂದು ನಗುತ್ತಿದ್ದೆ. ನಾನೂ ನಗುತ್ತಿದ್ದೆ.

ಆಮೇಲೆ ಆ ದಿನ. ಅಂಚಿನಲ್ಲಿ ಸೀಳಿದ್ದ ದೊಡ್ಡ ಗಾಜು ಲಾರಿಗೆ ಏರಿಸುವಾಗ ನಮ್ಮ ಹಮಾಲಿ ಉದ್ದಣ್ಣನ ಕೈಯಲ್ಲೇ ಒಡೆಯಿತು. ಬಲಗೈಯ ಎರಡು ಬೆರಳು ಹೋದವು. ಗಾಜು ಹೊತ್ತೇ ಹೊಟ್ಟೆ ಹೊರೆಯುತ್ತಿದ್ದ ಮನುಷ್ಯ. ಒಡೆದ ಚೂರಿನ ಮೂಲೆಯಲ್ಲಿ ಏಳನೇ ನಂಬರಿನ ಚೀಟಿ. ಇದು ನಾನು ನೋಡಿದ ಗಾಜಲ್ಲ, ಅಂಚಿನ ಸೀಳು ನನ್ನ ಕಣ್ಣು ತಪ್ಪಿಸುವುದಿಲ್ಲ ಎಂದು ಎಷ್ಟು ಹೇಳಿದರೂ ಗಂಟುಮೋರೆ ಕೇಳಲಿಲ್ಲ. "ಚೀಟಿ ಹೇಳುತ್ತೆ. ನಡಿ, ಗೇಟಿನ ಪಾಸು ಕೊಟ್ಟು ಹೋಗು," ಎಂದ. ಎಲ್ಲರ ಎದುರಿಗೆ. ಅಂಗಳದಲ್ಲಿ ಇನ್ನೂರು ಜನ ನಿಂತಿದ್ದರು. ಕಣ್ಣಿಲ್ಲದವಳು ಎಂದು ಯಾರೋ ಅಂದದ್ದು ಕಿವಿಗೆ ಬಿತ್ತು. ಇಪ್ಪತ್ತೆರಡು ವರ್ಷವಾಯಿತು, ಆ ಮಾತು ಇನ್ನೂ ಕಿವಿಯಲ್ಲಿದೆ.

ಅಂಗಡಿಯಲ್ಲಿ ಅವನಿಗೆ ನನ್ನ ಗುರುತು ಸಿಗಲಿಲ್ಲ. ತಲೆ ಬೆಳ್ಳಗಾಗಿದೆ, ಕನ್ನಡಕ ಬಂದಿದೆ. ಆರ್ಡರಿನ ಹಾಳೆಯಲ್ಲಿ ಒಂದು ಸಾಲು ಬರೆಸಿಕೊಂಡೆ: ದೋಷವಿದ್ದರೆ ಬೇರೆ ಗಾಜು ಕೊಡತಕ್ಕದ್ದು, ದೋಷ ಇದೆಯೋ ಇಲ್ಲವೋ ಎಂದು ಹೇಳುವವರು ಕೊಳ್ಳುವವರು. ಹಲ್ಲು ಬಿಟ್ಟುಕೊಂಡು ಸಹಿ ಹಾಕಿದ. ಬಾಗಿಲಿಗೆ ಹಾಕುವ ಗಾಜನ್ನು ಕುಲುಮೆಯಲ್ಲಿ ಕಾಯಿಸಿ ಗಟ್ಟಿಮಾಡುತ್ತಾರೆ, ಆಮೇಲೆ ಅದನ್ನು ಒಂದು ನೂಲಿನಷ್ಟೂ ಕತ್ತರಿಸಲು ಬರುವುದಿಲ್ಲ. ನಮ್ಮ ಅಳತೆಯ ಗಾಜು ನಾನು ಬೇಡ ಎಂದರೆ ಇನ್ನೊಂದು ಮನೆಗೂ ಆಗದು, ಕಸವೇ. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

ಮೊದಲ ಸಲ ಬಂದಾಗ ಗಾಜುಗಳನ್ನು ಬಯಲಿಗೆ ಮುಖಮಾಡಿ ನಿಲ್ಲಿಸಿಕೊಂಡೆ, ಬೆಳಕು ಓರೆಯಾಗಿ ಬೀಳುವ ಹಾಗೆ. ಸಾಸಿವೆ ಕಾಳಿನಷ್ಟು ಗುಳ್ಳೆ, ಎಡಗಡೆ ಕೆಳಗೆ. ವಾಪಸ್. ಎರಡನೇ ಸಲ ಕೂದಲಿನಂಥ ಗೀರು. ವಾಪಸ್. ಮೂರನೇ ಸಲ ಗುಳ್ಳೆಯೂ ಇಲ್ಲ, ಗೀರೂ ಇಲ್ಲ. ಫಿಟ್ಟರ್ ಉಸಿರು ಬಿಟ್ಟ. ನಾನು ನಮ್ಮವರನ್ನು ಗಾಜಿನೆದುರು ಆ ತುದಿಯಿಂದ ಈ ತುದಿಗೆ ನಡೆಸಿ ಬಿಂಬ ನೋಡಿದೆ. ಒಂದು ಕಡೆ ಅವರ ಹೊಟ್ಟೆ ಸೊಟ್ಟಗಾಯಿತು. "ಅಲೆ ಇದೆ, ಒಯ್ಯಿ," ಎಂದೆ. "ಅಮ್ಮಾ, ಯಜಮಾನ್ರ ಹೊಟ್ಟೆನೇ ಹಾಗಿರಬಹುದಲ್ಲ," ಎಂದ ಅವನು. ನಗು ಬಂತು, ಆದರೂ ಸೊನ್ನೆ ಸುತ್ತಿದೆ. ಒಂದು ಮಾತು ತಿಳಿದುಕೋ, ಒಂದು ಸಲವೂ ನಾನು ಸುಳ್ಳು ಹೇಳಲಿಲ್ಲ. ಇದ್ದದ್ದನ್ನೇ ಹಿಡಿದೆ. ಪ್ರತಿ ಸೊನ್ನೆ ಹಾಕುವಾಗಲೂ ಹೊಟ್ಟೆಯೊಳಗೆ ತಣ್ಣಗಾಗುತ್ತಿತ್ತು. ಸೇಡು ಇಷ್ಟು ರುಚಿಯಾಗಿರುತ್ತದೆ ಎಂದು ಗೊತ್ತಿದ್ದರೆ ಮನೆಯನ್ನು ಹತ್ತು ವರ್ಷ ಮೊದಲೇ ಕಟ್ಟುತ್ತಿದ್ದೆ.

ಮೂರನೆಯದು ವಾಪಸ್ ಹೋದ ಮರುದಿನ ಬೆಳಿಗ್ಗೆ ಫಿಟ್ಟರನ ಜೊತೆ ಗಂಟುಮೋರೆಯೇ ಬಂದ. ಮುಖದ ಗಂಟು ಈಗ ಇಲ್ಲ, ಜೋತುಬಿದ್ದ ಚರ್ಮವಷ್ಟೇ. ಕೈಯಲ್ಲಿ ಫೋನು, ಫೋನಿನಲ್ಲಿ ನನ್ನ ಸೊನ್ನೆಯ ಫೋಟೋ.

"ಈ ಗುರುತು ಯಾರು ಹಾಕಿದ್ದು?"

"ನಾನೇ."

"ಸೊನ್ನೆ ಕೆಳಗೆ ಗೆರೆ ಎಳೀತಿದ್ದೋಳು ಒಬ್ಬಳೇ..."

"ಏಳನೇ ನಂಬರು," ಎಂದೆ.

ಸಿಮೆಂಟಿನ ಮೂಟೆಯ ಮೇಲೆ ಕುಸಿದು ಕೂತ. ನಮ್ಮವರು ಕರಣೆ ಹಿಡಿದು ಬಾಗಿಲಲ್ಲಿ ನಿಂತರು, ಫಿಟ್ಟರ್ ಹಳಿಯ ಹತ್ತಿರ. ಫೋನು ಜೇಬಿಗಿಟ್ಟು ಕೇಳಿದ, "ಇನ್ನೂ ಎಷ್ಟು ಸಲ ವಾಪಸ್ ಕಳಿಸ್ತೀರಿ?" ಅಂದು ನಡಿ ಎಂದವನಿಗೆ ಇಂದು ಬಹುವಚನ ಬಂದಿದೆ.

"ಹತ್ತೊಂಬತ್ತು ವರ್ಷ ಕೆಲಸ ಮಾಡಿದ್ದೆ. ವರ್ಷಕ್ಕೊಂದು ಸಲ ಅಂತ ಇಟ್ಕೊಳ್ಳಿ."

"ಏನು ಬೇಕು ನಿಮಗೆ?"

"ಆ ಗಾಜು ನಾನು ನೋಡಿದ್ದಲ್ಲ ಅಂತ ಇವರಿಬ್ಬರ ಮುಂದೆ ಹೇಳಿ. ಸಾಕು."

ಹೇಳಿದ. ನೆಲ ನೋಡುತ್ತಾ ಹೇಳಿದ. ಮುಖ ಎತ್ತಿ ಹೇಳಿ ಎಂದೆ. ಮುಖ ಎತ್ತಿ ಹೇಳಿದ: "ಆ ಗಾಜು ಇವರು ನೋಡಿದ್ದಲ್ಲ. ಅವತ್ತೇ ನನಗೆ ಗೊತ್ತಿತ್ತು." ಹೇಗೆ ಗೊತ್ತಿತ್ತು ಎಂದು ಕೇಳಿದೆ. ಅದನ್ನೂ ಹೇಳಿದ. ಅದಿರಲಿ. ನೀರು ಕೇಳಿದ, ಕೊಟ್ಟೆ. ಹೊರಟುಹೋದ.

ಅವತ್ತು ಊಟಕ್ಕೆ ಕೂತಾಗ ನಮ್ಮವರು ತಟ್ಟೆಯಲ್ಲಿ ಕೈಯಾಡಿಸುತ್ತಾ, "ಒಂದೊಂದ್ಸಲ ನಾನೂ ಅಂದ್ಕೊಂಡಿದ್ದೆ ಕಣೇ, ನಿನ್ನದೇ ತಪ್ಪಿರಬಹುದು ಅಂತ. ತಪ್ಪಾಯ್ತು," ಎಂದರು. ನನಗೆ ಸಿಟ್ಟು ಬರಲಿಲ್ಲ. ಒಂದೊಂದು ಸಲ ನಾನೂ ಹಾಗೇ ಅಂದುಕೊಂಡಿದ್ದೆ.

ನಾಲ್ಕನೇ ಸಲ ಬಂದ ಗಾಜುಗಳನ್ನು ಒಂದು ಗಂಟೆ ನೋಡಿದೆ. ಏನೂ ಸಿಗಲಿಲ್ಲ. ಒಪ್ಪಿಕೊಂಡೆ. ಈಗ ಬಾಗಿಲು ಕೂತಿದೆ. ಒಂದು ಬೆರಳಿನಿಂದ ತಳ್ಳಿದರೆ ಸದ್ದಿಲ್ಲದೆ ಸರಿಯುತ್ತದೆ, ನಮ್ಮವರು ದಿನಕ್ಕೆ ನಲವತ್ತು ಸಲ ತಳ್ಳುತ್ತಾರೆ. ಆಚೆಯ ಹುಲ್ಲು, ಹಳಿ, ಹೋಗುವ ರೈಲಿನ ಕಿಟಕಿಗಳು, ಎಲ್ಲ ಕೋಣೆಯೊಳಗೇ ಇದ್ದಂತಿವೆ. ಬನಿಯನ್ನಿನ ಮಾತು ಯಾರೂ ಎತ್ತುತ್ತಿಲ್ಲ.

ಇಪ್ಪತ್ತನಾಲ್ಕನೇ ತಾರೀಕು ಭಾನುವಾರ ಈ ಮನೆಗೆ ಬರುತ್ತೇವೆ. ನೀನು ಬರಲೇಬೇಕು, ನೆಪ ಹೇಳಬೇಡ. ಹತ್ತು ಗಂಟೆಯೊಳಗೆ ಬಾ. ದೊಡ್ಡ ಗುಂಪಿಲ್ಲ. ಉದ್ದಣ್ಣನನ್ನೂ ಅವನ ಹೆಂಡತಿಯನ್ನೂ ಕರೆದಿದ್ದೇನೆ, ಬರುತ್ತೇವೆ ಎಂದಿದ್ದಾರೆ. ಆ ಹೊತ್ತಿಗೆ ಬಿಸಿಲು ಗಾಜಿನಿಂದ ಓರೆಯಾಗಿ ಒಳಗೆ ಬೀಳುತ್ತದೆ, ನಮ್ಮ ತಪಾಸಣೆ ಮೇಜಿನ ಬೆಳಕಿನ ಹಾಗೆ. ಅಲ್ಲಿ ನಿನಗೊಂದು ಕುರ್ಚಿ ಹಾಕಿಸಿದ್ದೇನೆ. ಪಕ್ಕದ್ದು ಉದ್ದಣ್ಣನಿಗೆ. ಎದುರಿನದು ನನಗೆ.

ನಿನ್ನ ಮಗಳಿಗೂ ಅಳಿಯನಿಗೂ ಮೊಮ್ಮಕ್ಕಳಿಗೂ ಒಳ್ಳೆಯದಾಗಲಿ, ಯಾರಿಗೂ ಯಾವ ಕೊರತೆಯೂ ಬಾರದಿರಲಿ. ನಿನ್ನ ಕಣ್ಣು ನೂರು ವರ್ಷ ಹೀಗೇ ನಿಚ್ಚಳವಾಗಿ ಕಾಣುತ್ತಿರಲಿ.

ಇಂತಿ ನಿನ್ನ,
ಏಳನೇ ನಂಬರು

ತಾ.ಕ.: ಗಂಟುಮೋರೆಗೆ ಹೇಗೆ ಗೊತ್ತಿತ್ತು ಎಂಬುದನ್ನು ಮೇಲೆ ಬರೆಯಲಿಲ್ಲ. ನನ್ನನ್ನು ಗೇಟಿನಾಚೆ ಕಳಿಸಿದ ಸಂಜೆಯೇ ನೀನು ಅವನ ಕೋಣೆಗೆ ಹೋಗಿ ಅತ್ತೆಯಂತೆ. "ಆ ಗಾಜು ನಾನು ನೋಡಿದ್ದು, ನನ್ನ ರೋಲು ಮುಗಿದಿತ್ತು, ಚೀಟಿ ಅವಳದು ಅಂಟಿಸಿದೆ," ಎಂದೆಯಂತೆ. "ಒಬ್ಬಳು ಹೋದಳಲ್ಲ, ಇಬ್ಬರು ಯಾಕೆ ಹೋಗಬೇಕು, ಬಾಯಿ ಮುಚ್ಚಿಕೊಂಡಿರು," ಎಂದನಂತೆ. ನೀನು ಮುಚ್ಚಿಕೊಂಡೆ. ಅದನ್ನಾದರೂ ನುಂಗಿಕೊಳ್ಳುತ್ತೇನೆ ಕಣೇ. ನಿನಗೂ ಮನೆಯಿತ್ತು, ಹೊಟ್ಟೆಯಿತ್ತು, ಹೆದರಿದೆ. ಆದರೆ ಮುಂದಿನ ವಾರ ಹಣ್ಣು ಹಿಡಿದು ನಮ್ಮ ಮನೆಗೆ ಬಂದು, ನನ್ನ ಕೈ ಹಿಡಿದು, "ತಪ್ಪು ಯಾರಿಗೂ ಆಗುತ್ತೆ, ಬಿಡೇ," ಎಂದೆಯಲ್ಲ. ನಾನು ಅದನ್ನು ನಂಬಿದೆ. ನಂಬಿ ಆಸ್ಪತ್ರೆಗೆ ಹೋಗಿ ಉದ್ದಣ್ಣನ ಬ್ಯಾಂಡೇಜಿನ ಕೈ ಮುಟ್ಟಿ ಕ್ಷಮಿಸು ಎಂದು ಅತ್ತೆ. ಆಗ ನೀನು ನನ್ನ ಪಕ್ಕದಲ್ಲೇ ನನ್ನ ಚೀಲ ಹಿಡಿದು ನಿಂತಿದ್ದೆ. ಇಪ್ಪತ್ತೆರಡು ವರ್ಷ ನಾನು ಅವನಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

ಭಾನುವಾರ ನಾನು ಏನೂ ಹೇಳುವುದಿಲ್ಲ. ಎದುರಿಗೆ ಕೂತು ನೋಡುತ್ತಿರುತ್ತೇನೆ, ಅಷ್ಟೇ. ನಾನು ಹೇಗೆ ನೋಡುತ್ತೇನೆ ಎಂಬುದು ನಿನಗೆ ಗೊತ್ತು. ಹೇಳುವುದು ಬಿಡುವುದು ನಿನ್ನ ಬಾಯಿಗೆ ಬಿಟ್ಟದ್ದು. ಬರದಿದ್ದರೆ ಆ ಕುರ್ಚಿ ಖಾಲಿ ಯಾಕಿದೆ ಎಂದು ಉದ್ದಣ್ಣ ಕೇಳುತ್ತಾನೆ, ಆಗ ನಾನು ಹೇಳಬೇಕಾಗುತ್ತದೆ.

ಅವತ್ತು ಕೆಲಸ ಕಳೆದುಕೊಂಡು ಬಂದಾಗ ನನ್ನ ಹಳೆಯ ರೋಲು ಚೀಲದಲ್ಲೇ ಉಳಿದಿತ್ತು. ಅದರಿಂದ ಏಳನೇ ನಂಬರಿನ ಚೀಟಿ ಒಂದನ್ನು ಹರಿದು ಈ ಲಕೋಟೆಯಲ್ಲಿ ಇಟ್ಟಿದ್ದೇನೆ. ನಿನ್ನದು ಮುಗಿದಿರಬಹುದು.