ಎಲ್ಲರ ಊಟ ಆದ ಮೇಲೆ

ಜೂನ್ ೩, ಮಧ್ಯಾಹ್ನ

ಇವತ್ತೂ ಒಂದು ಗಂಟೆಗೆ ಸರಿಯಾಗಿ ಫೋನು. ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟುಕೊಂಡೆ. ಆ ಕಡೆ, ವಿದೇಶದಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ, ಕೊರಳಿಗೆ ಟವೆಲ್. ಪಕ್ಕದಲ್ಲಿ ನನ್ನ ಬದಲಿಗೆ ಬಂದಿರುವ ಹೆಂಗಸು, ಆ ದೇಶದವಳೇ. ಎತ್ತರ ಜಾಸ್ತಿ. ಉದ್ದಕ್ಕ ಎಂದು ನಾನಿಟ್ಟ ಹೆಸರು. ಚಮಚ ಅವಳ ಕೈಯಲ್ಲಿ, "ಬಾಯಿ ತೆಗೀರಿ ಅಜ್ಜಿ" ಎನ್ನುವ ಮಾತು ಇಲ್ಲಿಂದ ನನ್ನದು. ಮೂರು ತುತ್ತು. ಆಮೇಲೆ ಬಾಯಿಗೆ ಬೀಗ.

ಅಕ್ಕನ ಆಪರೇಷನ್ ಎಂದು ಮೂರು ವಾರ ರಜೆ ಹಾಕಿ ಬಂದವಳು ನಾನು. ಎರಡನೇ ವಾರವೇ ಅಲ್ಲಿ ಹೊರಗಿನವರ ಕೆಲಸದ ವೀಸಾ ನಿಲ್ಲಿಸಿದರು. ಕಂಪನಿಗಳು ಮುಚ್ಚುತ್ತಿವೆ, ಮೊದಲು ನಮ್ಮವರಿಗೆ ಕೆಲಸ ಎಂದು. ತಾತ್ಕಾಲಿಕವಂತೆ. ಅಕ್ಕ ಆಪರೇಷನ್ ಹೊಲಿಗೆ ಹಿಡಿದುಕೊಂಡೇ ನಕ್ಕಳು. "ಹಿತ್ತಲಲ್ಲಿ ತಾತ್ಕಾಲಿಕ ಅಂತ ಕಟ್ಟಿದ ಹಗ್ಗದ ಮೇಲೇ ಹನ್ನೆರಡು ವರ್ಷದಿಂದ ಬಟ್ಟೆ ಒಣಗ್ತಿದೆ ಕಣೆ."

ಒಂಬತ್ತು ವರ್ಷ ಅಜ್ಜಿಯನ್ನು ನೋಡಿಕೊಂಡಿದ್ದೇನೆ. ನನ್ನ ಮಗಳ ನರ್ಸಿಂಗ್ ಕೋರ್ಸ್ ನಡೆಯುತ್ತಿರುವುದೂ ಆ ಕೆಲಸದಿಂದಲೇ.

ಜೂನ್ ೧೧

ಅಜ್ಜಿಯ ಮಗಳು ಟೀಚರ್ ಫೋನ್ ಮಾಡಿದ್ದರು. "ಒಂದು ದಾರಿ ಇದೆ. ಇಲ್ಲಿಯವರ ಕೈಲಿ ಆಗದ ಕೆಲಸ ಅಂತ ತೋರಿಸಿದ್ರೆ ನಿಮಗೆ ವಿನಾಯಿತಿ ಕೊಡ್ತಾರಂತೆ. ಆಫೀಸರ್ ಮನೆಗೇ ಬಂದು ನೋಡ್ತಾರೆ. ಅಮ್ಮ ಆಕೆ ಕೈಯಲ್ಲಿ ತಿಂತಿಲ್ವಲ್ಲ, ಅಷ್ಟು ಸಾಕು."

ಖುಷಿಯಾಯಿತು. ಅಜ್ಜಿ ತಿನ್ನುತ್ತಿಲ್ಲ ಎಂದು ಖುಷಿ. ಥೂ, ನನ್ನ ಜನ್ಮಕ್ಕೆ.

ಅದೇ ದಿನ, ಸಂಜೆ

ಯಾರಿಗೂ ಹೇಳದ್ದನ್ನು ಇಲ್ಲಿ ಬರೆಯುತ್ತೇನೆ. ಅಜ್ಜಿ ಏಕೆ ತಿನ್ನುವುದಿಲ್ಲ ಎಂದು ನನಗೆ ಗೊತ್ತು. ಆರು ಮಕ್ಕಳನ್ನು ಬೆಳೆಸಿದವರು. ಮನೆಯವರೆಲ್ಲ ಉಂಡ ಮೇಲೆಯೇ ತಟ್ಟೆ ಮುಂದೆ ಕೂರುತ್ತಿದ್ದವರು. ನೆನಪೆಲ್ಲ ಹೋಯಿತು, ಇದೊಂದು ಉಳಿಯಿತು. ನಾನು ಮೊದಲು ಉಂಡು, ಖಾಲಿ ತಟ್ಟೆ ತೋರಿಸಿ, "ಎಲ್ಲರದೂ ಆಯ್ತು, ನಿಮ್ಮದೊಂದೇ ಬಾಕಿ" ಎನ್ನುತ್ತಿದ್ದೆ. ಅಷ್ಟೇ. ಆ ಹೊತ್ತಿಗೆ ಟೀಚರ್ ಶಾಲೆಯಲ್ಲಿ, ಅವರಿಗೂ ಗೊತ್ತಿಲ್ಲ. ಉದ್ದಕ್ಕನಿಗೆ ಹೇಳಿದರೆ ನನ್ನ ಜಾಗದಲ್ಲಿ ಬೇರು ಬಿಡುತ್ತಾಳೆ ಎಂದು ಮೊದಲಿಂದಲೂ ಹೇಳಿಲ್ಲ. ಈಗಂತೂ...

ಜೂನ್ ೧೯

ಅಜ್ಜಿಯ ಕೈಗಡಿಯಾರ ಮೊಣಕೈವರೆಗೆ ಜಾರುತ್ತಿದೆ. ಉದ್ದಕ್ಕ ಚಮಚ ಇಟ್ಟು ಅತ್ತಳು. "ನಾನೇನು ತಪ್ಪು ಮಾಡ್ತಿದೀನಿ? ನೀವಾದ್ರೂ ಹೇಳಿ ಅಕ್ಕಾ." ನೆಟ್‌ವರ್ಕ್ ಸರಿಯಿಲ್ಲ ಎಂದು ಕಟ್ ಮಾಡಿದೆ. ಆಫೀಸರ್ ಬರುವುದು ಇಪ್ಪತ್ತನಾಲ್ಕಕ್ಕೆ. ಇನ್ನು ಐದು ದಿನ. ಐದು ದಿನ ತಾನೇ—

ಜೂನ್ ೨೧

ಎರಡು ದಿನದಿಂದ ನಾನೂ ಸರಿಯಾಗಿ ಉಂಡಿಲ್ಲ. ಅಕ್ಕನಿಗೆ ಎಲ್ಲ ಹೇಳಿದೆ. ಬೈಯುತ್ತಾಳೆ ಅಂದುಕೊಂಡಿದ್ದೆ. "ಇನ್ನು ಮೂರು ದಿನಕ್ಕೆ ಯಾರೂ ಸಾಯಲ್ಲ ಬಿಡು" ಎಂದಳು. ಆಮೇಲೆ, "ಆದ್ರೆ ಅಲ್ಲಿಗೆ ಹೋಗಿ ನೀನು ಆ ಅಜ್ಜಿ ಮುಖ ನೋಡ್ಬೇಕಲ್ಲೇ" ಎಂದಳು.

ಒಂದು ಗಂಟೆಗೆ ಹೇಳಿಬಿಟ್ಟೆ. "ಮೊದ್ಲು ನೀನು ಉಣ್ಣು. ಖಾಲಿ ತಟ್ಟೆ ತೋರ್ಸು." ಬಟ್ಟಲು ಪೂರ್ತಿ ಮುಗಿಯಿತು. ಉದ್ದಕ್ಕ ಅಷ್ಟೆತ್ತರದ ಮೈಯಲ್ಲಿ ಕುಣಿದಳು. ನನ್ನ ತಲೆಯ ಮೇಲೆ ನಾನೇ ಚಪ್ಪಡಿ ಎಳೆದುಕೊಂಡೆ. ಆದರೂ ಇವತ್ತು ಹೊಟ್ಟೆ ತುಂಬ ಉಂಡೆ.

ಜೂನ್ ೨೪

ಆಫೀಸರ್ ಬಂದುಹೋದರು. ಅಜ್ಜಿ ಅವರೆದುರೇ ಬಟ್ಟಲು ಬಳಿದು ತಿಂದರಂತೆ. ವಿನಾಯಿತಿ ಇಲ್ಲ. ಟೀಚರ್ ದನಿ ಬಿದ್ದುಹೋಗಿತ್ತು. "ಅಮ್ಮ ಉಂಡ್ರು ಅಂತ ಸಂತೋಷಪಡ್ಲಾ, ನೀವು ಬರಲ್ಲ ಅಂತ ಅಳ್ಲಾ?" ಇನ್ನು ದಿನಾ ಫೋನ್ ಬೇಕಿಲ್ಲ ಎಂದರು. ನಾನು ಅತ್ತೆ.

ಜುಲೈ ೩೦

ನಿರ್ಬಂಧ ಇನ್ನೊಂದು ವರ್ಷ ಮುಂದಕ್ಕೆ. ಅಕ್ಕ ಈ ಸಲ ಹಗ್ಗದ ಮಾತೆತ್ತಲಿಲ್ಲ. ಮಗಳು ಈ ವರ್ಷ ಕೋರ್ಸ್ ನಿಲ್ಲಿಸುತ್ತೇನೆ ಎಂದಳು. ನಾನು ಫೀಸಿನ ಚೀಟಿ ಮಡಚಿ ಒಳಗಿಟ್ಟೆ.

ಆಗಸ್ಟ್ ೬, ಒಂದು ಗಂಟೆ

ಇಷ್ಟು ದಿನದ ಮೇಲೆ ಫೋನು. ಉದ್ದಕ್ಕ ಗಾಬರಿಯಾಗಿದ್ದಳು. "ನಿನ್ನೆಯಿಂದ ಬಾಯೇ ತೆಗೀತಿಲ್ಲ. ನನ್ನ ತಟ್ಟೆ ತೋರ್ಸಿದೆ, ರಾತ್ರಿ ಟೀಚರ್ ತಟ್ಟೆನೂ ತೋರ್ಸಿದೆ. ಇನ್ನೊಬ್ಳು ಬರ್ಬೇಕು, ಅವಳದಾಗಿಲ್ಲ ಅಂತಾರೆ."

ಅಜ್ಜಿ ಬಾಗಿಲ ಕಡೆ ನೋಡುತ್ತ ಕೂತಿದ್ದರು.

ನನ್ನ ಊಟ ಇನ್ನೂ ಆಗಿರಲಿಲ್ಲ. ಓಡಿಹೋಗಿ, ತೊಳೆದಿಟ್ಟ ತಟ್ಟೆ ತಂದು ಫೋನಿನ ಮುಂದೆ ಎತ್ತಿ ಹಿಡಿದೆ. "ನಂದೂ ಆಯ್ತು ಅಜ್ಜಿ. ಇನ್ಯಾರೂ ಬರೋದಿಲ್ಲ. ಕಾಯ್ಬೇಡಿ."

ಅಜ್ಜಿ ತಟ್ಟೆ ನೋಡಿದರು. ಬಾಯಿ ತೆರೆದರು. ನಾನು ತಟ್ಟೆ ಇಳಿಸದೆ ಹಾಗೇ ಹಿಡಿದಿದ್ದೆ.