ಹಸುವಿನೊಡನೆ ಕನ್ನಡ

ದಿಂಡಿಗಲ್

ಚಿ. ತಮಿಳರಸಿಗೆ ಆಶೀರ್ವಾದಗಳು.

ತಮಿಳುನಾಡಿನ ಕನ್ನಡಿಗ ಸಂಶೋಧಕರ ನಮ್ಮ ಆನ್‌ಲೈನ್ ಬಳಗದಲ್ಲಿ ಹೋದ ವರ್ಷ ನೀನು ಹಾಕಿದ ಪ್ರಶ್ನೆಯನ್ನು ಅಳಿಸಿದವನು ನಾನೇ. "ನಮ್ಮಜ್ಜಿ ಎಲ್ರ ಕೂಡ ತಮಿಳು ಆಡ್ತಾಳೆ, ಹಸ ಕೂಡ ಮಾತ್ರ ಕನ್ನಡ. ನಿಮ್ಮನೇಲೂ ಇಂಗೇನಾ?" ಎಂದು ಕೇಳಿದ್ದೆ. ನಿಮ್ಮೂರು ಹನುಮಂತನಪಟ್ಟಿಯ ಜಗಲಿಯ ಮೇಲೆ ಕೂತು ಕೇಳುವ ಹಾಗೆ ವಿದ್ವಾಂಸರನ್ನು ಕೇಳಬಾರದಮ್ಮಾ. ಹಿಂದಿನ ಅಧ್ಯಯನಗಳನ್ನು ಓದಿ, ಅವನ್ನು ಹೆಸರಿಸಿ, ಆಮೇಲೆ ಕೇಳುವುದು ಮರ್ಯಾದೆ.

ಆಗ ಅಂಥ ಅಧ್ಯಯನ ಇರಲಿಲ್ಲ, ನಿಜ. ಈಗ ಇದೆ. ಕಳೆದ ತಿಂಗಳು ಇದೇ ವಿಷಯದ ಮೇಲೆ ನನ್ನ ಲೇಖನ ಪ್ರಕಟವಾಯಿತು. ನಿನ್ನ ಪ್ರಬಂಧದಲ್ಲಿ ಈ ವಿಷಯ ಬಂದರೆ ಅದನ್ನು ತಪ್ಪದೆ ಉಲ್ಲೇಖಿಸು. ಇಲ್ಲದಿದ್ದರೆ ಕೃತಿಚೌರ್ಯ ಎನ್ನುತ್ತಾರೆ. ಲೇಖನ ನೋಡಿ ನೀನು ಬಳಗದಲ್ಲಿ ಬರೆದ ನಾಲ್ಕು ಮಾತನ್ನೂ ಅಳಿಸಿದ್ದೇನೆ.

ನಿಮ್ಮ ದೈವಾನೈ ಅಜ್ಜಿ ತೀರಿಕೊಂಡರಂತೆ. ವಿಷಾದ. ನೀನು ಮೊಬೈಲಿನಲ್ಲಿ ಹಿಡಿದಿಟ್ಟ ಅವರ ಮಾತುಗಳನ್ನು, ತಿಥಿಯ ಓಡಾಟದಲ್ಲಿ ಕಳೆದುಹೋಗುವ ಮೊದಲು, ನನಗೆ ಕಳಿಸು.

ಇನ್ನೊಂದು ವಿಷಯ. ಅಜ್ಜಿ ಹೋದ ಮೇಲೆ ಮನೆಯವರು ತಮಿಳಿನಲ್ಲಿ ಕರೆದರೆ ಆ ಹಸು ತಿರುಗಿ ನೋಡುತ್ತದೆಯೇ? ಇದನ್ನು ಬಳಗದಲ್ಲಿ ಹಾಕಬೇಡ. ನನಗೊಬ್ಬನಿಗೇ ಬರೆ.

ನಿನ್ನ ಹಿತೈಷಿ,
ಡಾ. ಶಿವಬಾಲನ್
ಬಳಗದ ನಿರ್ವಾಹಕ